ದೇಹ ಬತ್ತುವ ಮುನ್ನ: ನಿರ್ಜಲೀಕರಣದ ಅರ್ಥ, ಪರಿಣಾಮ ಮತ್ತು ಪರಿಹಾರ

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ, ವೈದ್ಯರ ಬಾಯಲ್ಲಿ ಪದೇ ಪದೇ ಕೇಳಿಬರುವ ಪದ ‘ನಿರ್ಜಲೀಕರಣ’ ಅಥವಾ ‘ಡಿಹೈಡ್ರೇಶನ್’. ಮನೆಗಳಲ್ಲಿ ಇದನ್ನು ‘ಮೈಯಲ್ಲಿ ನೀರು ಕಡಿಮೆಯಾಗಿದೆ’ ಎನ್ನುತ್ತಾರೆ. ಪದ ಎಲ್ಲರಿಗೂ ಪರಿಚಿತ. ಆದರೆ ಹೆಚ್ಚಿನವರು ಅದರ ಅರ್ಥವನ್ನು ಅರ್ಧ ಮಾತ್ರ ತಿಳಿದುಕೊಂಡಿದ್ದಾರೆ. ನೀರು ಕಡಿಮೆಯಾದರೆ ನೀರು ಕುಡಿದರಾಯಿತಲ್ಲ, ಅದರಲ್ಲೇನು ದೊಡ್ಡ ವಿಷಯ ಎಂದು ಕೇಳುತ್ತಾರೆ.

ದೇಹದಿಂದ ನೀರು ಒಂಟಿಯಾಗಿ ಹೋಗುವುದಿಲ್ಲ. ಬೆವರು ತುಟಿಗೆ ತಗುಲಿದರೆ ಉಪ್ಪುಪ್ಪು. ಕಣ್ಣೀರೂ ಉಪ್ಪು. ವಾಂತಿ, ಭೇದಿ, ಮೂತ್ರ ಎಲ್ಲದರಲ್ಲೂ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಎಂಬ ಲವಣಗಳು ಹೊರಹೋಗುತ್ತವೆ. ಒಳಗೆ ಬಂದ ನೀರು ಮತ್ತು ಲವಣಕ್ಕಿಂತ ಹೊರಗೆ ಹೋದದ್ದು ಹೆಚ್ಚಾಗಿ, ದೇಹ ತನ್ನ ಕೆಲಸ ನಡೆಸಲು ಕಷ್ಟಪಡುವ ಸ್ಥಿತಿಯೇ ನಿರ್ಜಲೀಕರಣ. ಹೀಗಾಗಿ ಅದರ ಪರಿಹಾರವೂ ಬರೀ ನೀರಲ್ಲ. ಹೋದದ್ದನ್ನೆಲ್ಲ ಸರಿಯಾದ ಅಳತೆಯಲ್ಲಿ, ಸರಿಯಾದ ಸಮಯಕ್ಕೆ ಹಿಂದಿರುಗಿಸಬೇಕು. ಈ ಒಂದು ವಿಷಯ ಮನೆಯ ತಾಯಂದಿರಿಗೆ ಮನದಟ್ಟಾದರೆ ಎಷ್ಟೋ ಮಕ್ಕಳ ಪ್ರಾಣ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಪ್ರತಿ ವರ್ಷ 5 ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಾರೆ. ಇವರಲ್ಲಿ ಬಹಳಷ್ಟು ಮಕ್ಕಳ ಪ್ರಾಣ ತೆಗೆಯುವುದು ಹೊಟ್ಟೆಯೊಳಗಿನ ರೋಗಾಣುವಿಗಿಂತಲೂ ದೇಹ ಬತ್ತಿಹೋಗುವ ಈ ಸ್ಥಿತಿ.

ದೇಹದೊಳಗಿನ ನೀರಿನ ಲೆಕ್ಕ

ವಯಸ್ಕನ ತೂಕದಲ್ಲಿ ಸುಮಾರು ಶೇ. 60 ಭಾಗ ನೀರು. 60 ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಇದರಲ್ಲಿ ಮೂರನೇ ಎರಡರಷ್ಟು ಜೀವಕೋಶಗಳ ಒಳಗಿದ್ದರೆ ಉಳಿದದ್ದು ಕೋಶಗಳ ಸುತ್ತ ಮತ್ತು ರಕ್ತದಲ್ಲಿರುತ್ತದೆ. ಆಗ ತಾನೇ ಹುಟ್ಟಿದ ಮಗುವಿನಲ್ಲಿ ನೀರಿನ ಪ್ರಮಾಣ ಶೇ. 75ರಷ್ಟಿದ್ದರೆ, ವೃದ್ಧರಲ್ಲಿ ಅದು ಶೇ. 50ರ ಆಸುಪಾಸಿಗೆ ಇಳಿಯುತ್ತದೆ.

ನಾವು ಸುಮ್ಮನೆ ಕುಳಿತಿದ್ದರೂ ಉಸಿರು ಮತ್ತು ಚರ್ಮದ ಮೂಲಕ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ನಮಗೆ ಗೊತ್ತಾಗದಂತೆ ಹೋಗುತ್ತದೆ. ರಕ್ತದ ಕಸವನ್ನು ಹೊರಹಾಕಲು ಮೂತ್ರಪಿಂಡಗಳಿಗೆ ದಿನಕ್ಕೆ ಕನಿಷ್ಠ ಅರ್ಧ ಲೀಟರ್ ಮೂತ್ರ ಬೇಕು. ಬಿಸಿಲಿನಲ್ಲಿ ಮೈಮುರಿದು ದುಡಿಯುವವರು ಒಂದೇ ಗಂಟೆಯಲ್ಲಿ ಒಂದು ಲೀಟರ್ ಬೆವರು ಸುರಿಸುವುದುಂಟು. ಊಟದೊಂದಿಗೆ ಬರುವ ನೀರೂ ಸೇರಿ ಸಾಮಾನ್ಯ ದಿನಗಳಲ್ಲಿ ದೊಡ್ಡವರಿಗೆ ಎರಡರಿಂದ ಎರಡೂವರೆ ಲೀಟರ್ ಬೇಕಾಗುತ್ತದೆ. ಬೇಸಿಗೆಯಲ್ಲಿ, ದುಡಿಮೆಯಲ್ಲಿ, ಜ್ವರದಲ್ಲಿ ಇದು ಏರುತ್ತದೆ.

ಮಕ್ಕಳ ಲೆಕ್ಕವೇ ಬೇರೆ. 60 ಕಿಲೋ ತೂಕದವರಿಂದ ಒಂದು ಲೀಟರ್ ನೀರು ಹೋದರೆ ಬಾಯಾರಿಕೆ, ತುಸು ಸುಸ್ತು ಅಷ್ಟೇ. 10 ಕಿಲೋ ತೂಕದ ಮಗುವಿನಿಂದ ಅದೇ ಒಂದು ಲೀಟರ್ ಹೋದರೆ ತೂಕದ ಹತ್ತನೇ ಒಂದು ಭಾಗ ಹೋದಂತೆ. ಅದು ಪ್ರಾಣಾಪಾಯದ ಮಟ್ಟ. ಜೋರಾದ ಭೇದಿಯಲ್ಲಿ ಇಷ್ಟು ನೀರು ಹೋಗಲು ಒಂದು ದಿನ ಸಾಕು. ‘ನಿನ್ನೆ ರಾತ್ರಿಯಿಂದ ಮಾತ್ರ ಡಾಕ್ಟ್ರೇ’ ಎಂದು ಹೇಳುವ ತಂದೆ ತಾಯಂದಿರಿಗೆ ಈ ಲೆಕ್ಕ ಗೊತ್ತಿರಬೇಕು.

ಯುನಾನಿ ವೈದ್ಯದ ದೃಷ್ಟಿಯಲ್ಲಿ

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳಲಾಗಿದೆ. ಇವುಗಳಿಗೆ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಹೆಸರು. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ ಎಂಬ ಐದರ ನಂತರ ಆರನೆಯದಾಗಿ ಬರುವುದು ‘ಇಹ್ತಿಬಾಸ್ ಮತ್ತು ಇಸ್ತಿಫ್ರಾಗ್’. ದೇಹ ಉಳಿಸಿಕೊಳ್ಳಬೇಕಾದದ್ದನ್ನು ಉಳಿಸಿಕೊಳ್ಳುವುದು ಇಹ್ತಿಬಾಸ್. ಹೊರಹಾಕಬೇಕಾದದ್ದನ್ನು ಹೊರಹಾಕುವುದು ಇಸ್ತಿಫ್ರಾಗ್. ಇವೆರಡರ ಸಮತೋಲನ ತಪ್ಪಿ ಇಸ್ತಿಫ್ರಾಗ್ ಮಿತಿಮೀರಿದರೆ ದೇಹದ ರುತೂಬತ್, ಅಂದರೆ ತೇವಾಂಶ, ಕುಗ್ಗಿ ಯುಬೂಸತ್, ಅಂದರೆ ಶುಷ್ಕತೆ, ಹೆಚ್ಚುತ್ತದೆ. ಗುಳಿಬಿದ್ದ ಕಣ್ಣು, ಚೂಪಾದ ಮೂಗು, ಒಣಗಿದ ಚರ್ಮ, ಇಂಥ ಮುಖವನ್ನು ಕಂಡರೆ ರೋಗಿ ಅಪಾಯದಲ್ಲಿದ್ದಾನೆಂದು ತಿಳಿಯಬೇಕೆಂದು ಬುಖ್ರಾತ್, ಅಂದರೆ ಹಿಪೊಕ್ರೆಟಿಸ್‌ನ ಕಾಲದಲ್ಲೇ ವೈದ್ಯರು ಗುರುತಿಸಿದ್ದರು. ಇಂದಿಗೂ ಆಸ್ಪತ್ರೆಯ ವೈದ್ಯರು ಭೇದಿಯಾದ ಮಗುವಿನಲ್ಲಿ ಮೊದಲು ನೋಡುವುದು ಕಣ್ಣು ಮತ್ತು ಚರ್ಮವನ್ನೇ. ಹೆಸರುಗಳು ಬೇರೆಯಾದರೂ ವಿಷಯ ಒಂದೇ.

ನಿರ್ಜಲೀಕರಣಕ್ಕೆ ಕಾರಣಗಳೇನು?

ಮಕ್ಕಳಲ್ಲಿ ಮುಖ್ಯ ಕಾರಣ ವಾಂತಿ ಮತ್ತು ಭೇದಿ. ದೊಡ್ಡವರಲ್ಲಿ ಇವುಗಳ ಜೊತೆಗೆ ಬಿಸಿಲಿನ ದುಡಿಮೆ, ತೀವ್ರ ಜ್ವರ, ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ಸುಟ್ಟಗಾಯಗಳು ಸೇರುತ್ತವೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಅದು ಮೂತ್ರದೊಂದಿಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಪದೇ ಪದೇ ಮೂತ್ರ, ತಣಿಯದ ಬಾಯಾರಿಕೆ ಇರುವವರು ನೀರು ಕುಡಿದು ಸುಮ್ಮನಾಗದೆ ಸಕ್ಕರೆ ಪರೀಕ್ಷೆ ಮಾಡಿಸಬೇಕು. ರಕ್ತದೊತ್ತಡ ಮತ್ತು ಹೃದಯದ ತೊಂದರೆಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ದೇಹದ ನೀರನ್ನು ಕಡಿಮೆ ಮಾಡುತ್ತವೆ. ಭೇದಿ ಶುರುವಾದಾಗ ಈ ಮಾತ್ರೆಗಳನ್ನು ಮುಂದುವರಿಸಬೇಕೇ, ಎರಡು ದಿನ ನಿಲ್ಲಿಸಬೇಕೇ ಎಂದು ಅವನ್ನು ಬರೆದುಕೊಟ್ಟ ವೈದ್ಯರಲ್ಲಿ ಫೋನ್ ಮಾಡಿಯಾದರೂ ಕೇಳಿ. ಸ್ವಂತ ನಿರ್ಧಾರ ಬೇಡ.

ಕರಾವಳಿಯವರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಲಬುರಗಿ, ರಾಯಚೂರಿನಲ್ಲಿ 42–43 ಡಿಗ್ರಿ ಬಿಸಿಲು, ನಮ್ಮಲ್ಲಿ 34–35 ಮಾತ್ರ, ಹಾಗಾಗಿ ನಮಗೆ ಭಯವಿಲ್ಲ ಎಂದು ಭಾವಿಸುತ್ತಾರೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದೆ ಮೈಯಿಂದ ಇಳಿದುಹೋಗುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಹಾಗಾಗಿ ದೇಹ ಇನ್ನಷ್ಟು ಬೆವರುತ್ತದೆ. ಬಯಲುಸೀಮೆಯ ಒಣ ಬಿಸಿಲಲ್ಲಿ ಬೆವರು ಕೂಡಲೇ ಆವಿಯಾಗುವುದರಿಂದ ಬೆವರಿದ್ದೇ ಗೊತ್ತಾಗುವುದಿಲ್ಲ. ಎರಡೂ ಕಡೆ ನಷ್ಟವಾಗುವುದು ನೀರು ಮತ್ತು ಉಪ್ಪು.

ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಬಾಯಾರಿಕೆ ಎಚ್ಚರಿಕೆಯ ಗಂಟೆ ನಿಜ. ಆದರೆ ಅದು ತಡವಾಗಿ ಬಾರಿಸುವ ಗಂಟೆ. ಬಾಯಾರಿಕೆ ಎನಿಸುವಾಗ ದೇಹದ ತೂಕದ ಶೇ. 1ರಿಂದ 2ರಷ್ಟು ನೀರು ಆಗಲೇ ಹೋಗಿರುತ್ತದೆ. ವೃದ್ಧರಲ್ಲಿ ಈ ಗಂಟೆ ಇನ್ನೂ ತಡವಾಗಿ ಬಾರಿಸುತ್ತದೆ, ಕೆಲವೊಮ್ಮೆ ಬಾರಿಸುವುದೇ ಇಲ್ಲ. ಹಸುಳೆಗಳಿಗೆ ಬಾಯಾರಿಕೆಯಾದರೂ ಹೇಳಲು ಬರುವುದಿಲ್ಲ.

ಎಲ್ಲರೂ ಮನೆಯಲ್ಲೇ ಮಾಡಬಹುದಾದ ಸುಲಭ ಪರೀಕ್ಷೆ ಮೂತ್ರದ ಬಣ್ಣ. ತಿಳಿಯಾದ ಒಣಹುಲ್ಲಿನ ಬಣ್ಣವಿದ್ದರೆ ಒಳ್ಳೆಯದು. ಕಡು ಹಳದಿಯಾಗಿ, ಪ್ರಮಾಣ ಕಡಿಮೆಯಾಗಿ, ಉರಿ ಬಂದರೆ ನೀರು ಸಾಲದೆಂದು ತಿಳಿಯಿರಿ. ಬಿ-ಕಾಂಪ್ಲೆಕ್ಸ್ ಮಾತ್ರೆ ತಿನ್ನುವವರಿಗೆ ಮೂತ್ರ ಹೇಗೂ ಹಳದಿಯಾಗಿರುವುದರಿಂದ ಅವರು ಪ್ರಮಾಣವನ್ನು ಗಮನಿಸಬೇಕು.

ಆರಂಭದ ಲಕ್ಷಣಗಳು: ಬಾಯಿ, ತುಟಿ ಒಣಗುವುದು, ತಲೆನೋವು, ಸುಸ್ತು, ಸಿಡುಕು, ಎದ್ದು ನಿಂತರೆ ತಲೆ ಸುತ್ತುವುದು, ಮಲಬದ್ಧತೆ, ಮೀನಖಂಡದಲ್ಲಿ ಸೆಳೆತ.

ಅಪಾಯದ ಲಕ್ಷಣಗಳು: ಆರರಿಂದ ಎಂಟು ಗಂಟೆ ಮೂತ್ರವೇ ಇಲ್ಲದಿರುವುದು, ಕಣ್ಣು ಗುಳಿ ಬೀಳುವುದು, ಕೈಕಾಲು ತಣ್ಣಗಾಗುವುದು, ನಾಡಿ ತೆಳುವಾಗಿ ವೇಗವಾಗುವುದು, ಮಂಪರು, ಅಸಂಬದ್ಧ ಮಾತು.

ಹಸುಳೆಗಳಲ್ಲಿ: ಅತ್ತರೂ ಕಣ್ಣೀರು ಬಾರದಿರುವುದು, ನೆತ್ತಿಯ ಮೃದುಭಾಗ ಗುಳಿ ಬೀಳುವುದು, ಬಟ್ಟೆ ಒದ್ದೆಯಾಗದಿರುವುದು. ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲನೆ ಹಿಡಿದೆತ್ತಿ ಬಿಡಿ. ಆರೋಗ್ಯವಂತ ಮಗುವಿನ ಚರ್ಮ ಕೂಡಲೇ ಮೊದಲಿನಂತಾಗುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ಹಾಗೆಯೇ ನಿಂತರೆ ತೀವ್ರ ನಿರ್ಜಲೀಕರಣ. ವೃದ್ಧರ ಚರ್ಮ ಸಹಜವಾಗಿಯೇ ಸಡಿಲವಾಗಿರುವುದರಿಂದ ಅವರಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗುವಿನ ನೆತ್ತಿ ಗುಳಿ ಬಿದ್ದರೆ ಕೆಲವು ಮನೆಗಳಲ್ಲಿ ‘ತಾಲೂ ಬಿದ್ದಿದೆ’ ಎಂದು ನೆತ್ತಿಗೆ ಎಣ್ಣೆ ಹಚ್ಚುತ್ತಾರೆ, ಬಾಯೊಳಗೆ ಬೆರಳು ಹಾಕಿ ಅಂಗುಳನ್ನು ಮೇಲಕ್ಕೆ ಒತ್ತಿಸುತ್ತಾರೆ. ನೆತ್ತಿ ಕುಸಿದಿರುವುದು ದೇಹದ ನೀರು ಹೋಗಿರುವುದರಿಂದ. ಬೆರಳಿನಿಂದ ಒತ್ತಿದರೆ ವಾಂತಿ ಹೆಚ್ಚಾಗಿ ಉಳಿದ ನೀರೂ ಹೋಗುತ್ತದೆ. ಒಳಗೆ ನೀರು ಮತ್ತು ಲವಣ ತುಂಬಿದರೆ ನೆತ್ತಿ ತಾನಾಗಿಯೇ ಸರಿಹೋಗುತ್ತದೆ.

ದೇಹದ ಒಳಗೆ ಏನಾಗುತ್ತದೆ?

ನೀರು ಹೋದಂತೆ ರಕ್ತದ ಪ್ರಮಾಣ ಕುಗ್ಗುತ್ತದೆ. ಇದ್ದಷ್ಟೇ ರಕ್ತವನ್ನು ಎಲ್ಲೆಡೆ ತಲುಪಿಸಲು ಹೃದಯ ವೇಗವಾಗಿ ಬಡಿಯುತ್ತದೆ. ಮೆದುಳು, ಹೃದಯವನ್ನು ಕಾಪಾಡಲು ದೇಹ ಮೊದಲು ಚರ್ಮಕ್ಕೆ, ನಂತರ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿತ ಮಾಡುತ್ತದೆ. ಆಗ ಕೈಕಾಲು ತಣ್ಣಗಾಗುತ್ತವೆ, ಮೂತ್ರ ನಿಲ್ಲುತ್ತದೆ. ಇದು ದೀರ್ಘಕಾಲ ಮುಂದುವರಿದರೆ ಮೂತ್ರಪಿಂಡಗಳಿಗೇ ಹಾನಿ. ಕೊನೆಗೆ ರಕ್ತದೊತ್ತಡ ಕುಸಿದು ಆಘಾತದ ಸ್ಥಿತಿ ಬರುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತದ ಲಯ ತಪ್ಪಬಹುದು. ಸೋಡಿಯಂ ಹೆಚ್ಚುಕಡಿಮೆಯಾದರೆ ಫಿಟ್ಸ್ ಬರಬಹುದು.

ಇದು ಒಮ್ಮೆಲೇ ಬರುವ ನಿರ್ಜಲೀಕರಣದ ಕಥೆ. ದಿನವೂ ಸ್ವಲ್ಪ ಸ್ವಲ್ಪ ನೀರು ಕಡಿಮೆಯಾಗುವವರಿಗೆ ಬೇರೆ ತೊಂದರೆಗಳಿವೆ. ಮೂತ್ರ ದಟ್ಟವಾಗಿ ಕಲ್ಲುಗಳಾಗುತ್ತವೆ. ಮೂತ್ರನಾಳದ ಸೋಂಕು ಮರುಕಳಿಸುತ್ತದೆ. ಮಲಬದ್ಧತೆ ಹೆಚ್ಚಿ ಮೂಲವ್ಯಾಧಿ ಕಾಡುತ್ತದೆ. ಗಲ್ಫ್ ದೇಶಗಳಲ್ಲಿ ಬಿಸಿಲಿನಲ್ಲಿ ದುಡಿಯುವ ನಮ್ಮ ಸೋದರರಲ್ಲಿ ಮೂತ್ರಕಲ್ಲಿನ ತೊಂದರೆ ಸಾಮಾನ್ಯ. ಅಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸುವುದಕ್ಕೆ ಕಾನೂನಿನ ನಿಷೇಧವೇ ಇದೆ. ರಜೆಗೆ ಬಂದವರಿಗೆ ಉಡುಗೊರೆಯ ಪಟ್ಟಿ ಹೇಳುವ ಮನೆಯವರು, ‘ಅಲ್ಲಿ ಸರಿಯಾಗಿ ನೀರು ಕುಡಿಯುತ್ತೀರಾ?’ ಎಂದೂ ಕೇಳಬೇಕು.

ಉಪ್ಪು, ಸಕ್ಕರೆ, ನೀರು: ಒಂದು ದೊಡ್ಡ ಪಾಠ

ಭೇದಿಯಾದಾಗ ಬರೀ ನೀರು ಏಕೆ ಸಾಲದು? ಕರುಳು ನೀರನ್ನು ನೇರವಾಗಿ ಎಳೆದುಕೊಳ್ಳುವುದಿಲ್ಲ. ಲವಣ ಒಳಗೆ ಹೋದರೆ ಅದರ ಹಿಂದೆ ನೀರು ಹೋಗುತ್ತದೆ. ಲವಣವನ್ನು ಒಳಗೆ ಸಾಗಿಸಲು ಕರುಳಿನ ಗೋಡೆಯಲ್ಲಿರುವ ಒಂದು ಬಾಗಿಲು ಗ್ಲೂಕೋಸ್ ಜೊತೆಗಿದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಕಾಲರಾದಂತಹ ಭೀಕರ ಭೇದಿಯಲ್ಲೂ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. 1960ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡ ಈ ಸಂಗತಿಯ ಮೇಲೆಯೇ ಒಆರ್‌ಎಸ್ ನಿಂತಿದೆ. ಅದರಲ್ಲಿರುವ ಸಕ್ಕರೆ ರುಚಿಗಾಗಿ ಅಲ್ಲ, ಬಾಗಿಲು ತೆರೆಯುವ ಕೀಲಿಕೈಯಾಗಿ.

ಇದರ ನಿಜವಾದ ಪರೀಕ್ಷೆ ನಡೆದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬೋನಗಾಂವ್‌ನಲ್ಲಿ ತುಂಬಿದ್ದಾಗ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ನೆಲದ ಮೇಲೂ ರೋಗಿಗಳು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂತು. ಕೋಲ್ಕತಾದ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾವನ್ನು ಅಳೆದು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶೇ. 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ ಈ ಚಿಕಿತ್ಸೆ ಪಡೆದವರಲ್ಲಿ ಶೇ. 4ಕ್ಕಿಂತಲೂ ಕೆಳಗಿಳಿಯಿತು. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 1978ರಲ್ಲಿ ಈ ವಿಧಾನವನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಸಾಧನೆಗಳ ಸಾಲಿನಲ್ಲಿ ಮುಂದೆ ನಿಲ್ಲಿಸಿತು. ಡಾ. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಭಾರತ ಸರಕಾರ 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಅದರ ಮುಂದಿನ ಪಾಠ ಕಲಿಸಿದವರು ಬಾಂಗ್ಲಾದೇಶದ ಹಳ್ಳಿಗಳ ತಾಯಂದಿರು. ಅಲ್ಲಿನ ‘ಬ್ರಾಕ್’ ಸಂಸ್ಥೆ 1980ರಿಂದ 1990ರವರೆಗೆ ಮಹಿಳಾ ಕಾರ್ಯಕರ್ತೆಯರನ್ನು ಮನೆಮನೆಗೆ ಕಳುಹಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು, ಇಷ್ಟೇ ಪಾಠ. ಅಕ್ಷರ ಬಾರದ ತಾಯಂದಿರೂ ಕಲಿತರು. ಸುಮಾರು 1.2 ಕೋಟಿ ಮನೆಗಳಿಗೆ ಈ ಪಾಠ ತಲುಪಿತು. ತಾಯಿ ಎಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದಾಳೆ ಎಂಬುದನ್ನು ನಂತರ ಪರೀಕ್ಷಿಸಿ, ಅದರಂತೆ ಕಾರ್ಯಕರ್ತೆಗೆ ಸಂಬಳ ಕೊಡಲಾಗುತ್ತಿತ್ತು. ಅಳತೆ ಅಷ್ಟು ಮುಖ್ಯವಾಗಿತ್ತು.

ಒಆರ್‌ಎಸ್ ತಯಾರಿಸುವ ಮತ್ತು ಕೊಡುವ ಕ್ರಮ

ಸರಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆಯರು ಕೊಡುವ ಅಥವಾ ಔಷಧಿ ಅಂಗಡಿಯ ಪೊಟ್ಟಣವೇ ಮೊದಲ ಆಯ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ ಇರುತ್ತದೆ.

1. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿರುವುದನ್ನು ಓದಿ. ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿಲಿ ಲೀಟರಿನ ಪುಟ್ಟ ಪೊಟ್ಟಣವೂ ಇದೆ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರಿ ಮಗುವಿಗೆ ಫಿಟ್ಸ್ ಬರಬಹುದು. ‘ಸ್ವಲ್ಪ ಸ್ವಲ್ಪ ಪುಡಿ ಹಾಕಿ’ ಕೊಡುವುದೂ ತಪ್ಪು. ಇಡೀ ಪೊಟ್ಟಣವನ್ನು ಒಮ್ಮೆಗೇ ಪೂರ್ತಿ ನೀರಿಗೆ ಬೆರೆಸಬೇಕು.

2. ಕುದಿಸಿ ಆರಿಸಿದ ನೀರು ಬಳಸಿ. ಹಾಲು, ಜ್ಯೂಸ್, ಶರಬತ್ತಿಗೆ ಬೆರೆಸಬೇಡಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ. ತಯಾರಿಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದರೆ ಚೆಲ್ಲಿ.

3. ಪ್ರತಿ ಸಲ ನೀರಾಗಿ ಭೇದಿಯಾದ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ, ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು.

4. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದು ಚಮಚದಂತೆ ಮತ್ತೆ ಶುರು ಮಾಡಿ. ಬಾಟಲಿಯಿಂದ ಗಟಗಟ ಕುಡಿಸಿದ್ದು ಹೊರಬರುತ್ತದೆ, ಚಮಚದಲ್ಲಿ ಕೊಟ್ಟದ್ದು ಒಳಗುಳಿಯುತ್ತದೆ.

5. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ಕಲಸಿ ರುಚಿ ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ.

ಅಂಗಡಿಯಲ್ಲಿ ಕೊಳ್ಳುವಾಗ ಇನ್ನೊಂದು ಎಚ್ಚರಿಕೆ. ಹಣ್ಣಿನ ರುಚಿಯ, ಸಕ್ಕರೆ ತುಂಬಿದ ಪಾನೀಯಗಳು ವರ್ಷಗಟ್ಟಲೆ ತಮ್ಮ ಹೆಸರಿನಲ್ಲಿ ‘ಒಆರ್‌ಎಸ್’ ಸೇರಿಸಿಕೊಂಡು ಮಾರಾಟವಾದವು. ಸೂತ್ರಕ್ಕೆ ಹೊಂದದ ಪಾನೀಯಗಳು ಈ ಪದವನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಭೇದಿಯ ಹೊಟ್ಟೆಗೆ ಅತಿಯಾದ ಸಕ್ಕರೆ ಬಿದ್ದರೆ ಅದು ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಕೋಲಾ, ಪ್ಯಾಕೆಟ್ ಜ್ಯೂಸ್, ಗಾಢ ಶರಬತ್ತುಗಳೂ ಹೀಗೆಯೇ.

ಮಧುಮೇಹಿಗಳು ‘ಇದರಲ್ಲಿ ಸಕ್ಕರೆ ಇದೆ’ ಎಂದು ಒಆರ್‌ಎಸ್ ಬಿಡುವುದುಂಟು. ಭೇದಿಯಾದಾಗ ಅವರೂ ಕುಡಿಯಬೇಕು. ಜೊತೆಗೆ ರಕ್ತದ ಸಕ್ಕರೆಯನ್ನು ಪರೀಕ್ಷಿಸುತ್ತಿರಬೇಕು.

ಮಕ್ಕಳ ವಿಷಯದಲ್ಲಿ ಮಾಡಬಾರದ ತಪ್ಪುಗಳು

‘ಹಲ್ಲು ಹುಟ್ಟುವಾಗ ಭೇದಿ ಸಹಜ’ ಎಂದು ಸುಮ್ಮನಿರಬೇಡಿ. ಆ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದರಿಂದ ಸೋಂಕು ತಗಲುತ್ತದೆ. ಭೇದಿಯಾದಾಗ ಎದೆಹಾಲು ನಿಲ್ಲಿಸಬೇಡಿ, ಇನ್ನಷ್ಟು ಸಲ ಕುಡಿಸಿ. ದೊಡ್ಡ ಮಗುವಿಗೆ ಮೆತ್ತಗಿನ ಅನ್ನ, ಗಂಜಿ, ಬಾಳೆಹಣ್ಣು, ಮೊಸರು ಕೊಡಿ. ‘ಹೊಟ್ಟೆಗೆ ವಿಶ್ರಾಂತಿ’ ಎಂದು ಉಪವಾಸ ಕೆಡವಿದರೆ ಮಗು ಸೊರಗುತ್ತದೆ. ಭೇದಿ ನಿಲ್ಲಿಸುವ ಮಾತ್ರೆಗಳನ್ನು ಮಕ್ಕಳಿಗೆ ಅಂಗಡಿಯಿಂದ ತಂದು ಕೊಡಲೇಬೇಡಿ. ಒಆರ್‌ಎಸ್ ಜೊತೆಗೆ 14 ದಿನ ಝಿಂಕ್ ಕೊಡುವುದು ಸರಿಯಾದ ಕ್ರಮ: 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳ ಮಗುವಿಗೆ 10 ಮಿಲಿಗ್ರಾಂ. ಭೇದಿ ನಿಂತಿತೆಂದು ಝಿಂಕ್ ಅನ್ನು ಅರ್ಧಕ್ಕೆ ಬಿಡಬೇಡಿ.

ಆರು ತಿಂಗಳೊಳಗಿನ, ಎದೆಹಾಲು ಕುಡಿಯುವ ಮಗುವಿಗೆ ಎಂಥ ಬೇಸಿಗೆಯಲ್ಲೂ ಬೇರೆ ನೀರು ಬೇಡ. ಎದೆಹಾಲಿನಲ್ಲೇ ಸಾಕಷ್ಟು ನೀರಿದೆ. ನೀರು ಕುಡಿಯಬೇಕಾದವರು ತಾಯಿ.

ವೃದ್ಧರು ಮತ್ತು ಮಹಿಳೆಯರು

ಅಜ್ಜ ಅಜ್ಜಿಯರು ರಾತ್ರಿ ಏಳಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಬಿಡುತ್ತಾರೆ. ಒಂದು ಬೆಳಿಗ್ಗೆ ಏನೇನೋ ಮಾತನಾಡತೊಡಗುತ್ತಾರೆ. ಮನೆಯವರು ಮರೆವಿನ ರೋಗವೆಂದು ಹೆದರುತ್ತಾರೆ. ಒಮ್ಮಿಂದೊಮ್ಮೆಲೇ ಬಂದ ಗೊಂದಲಕ್ಕೆ ನಿರ್ಜಲೀಕರಣ ಮತ್ತು ಮೂತ್ರದ ಸೋಂಕು ಸಾಮಾನ್ಯ ಕಾರಣಗಳು. ‘ನೀರು ಬೇಕಾ?’ ಎಂದು ಅವರನ್ನು ಕೇಳಿದರೆ ‘ಬೇಡ’ ಎನ್ನುತ್ತಾರೆ. ಕೇಳದೆ ಲೋಟ ಕೈಗೆ ಕೊಡಿ. ಐದು ಹೊತ್ತಿನ ನಮಾಝಿನ ಆಚೀಚೆ ಒಂದೊಂದು ಲೋಟ ಎಂದು ರೂಢಿ ಮಾಡಿಸಿದರೆ ಮರೆಯುವುದಿಲ್ಲ. ಹೃದಯ ಅಥವಾ ಕಿಡ್ನಿಯ ತೊಂದರೆಯಿಂದ ವೈದ್ಯರು ನೀರನ್ನು ಮಿತಿಗೊಳಿಸಿದ್ದರೆ ಅವರ ಅಳತೆಯನ್ನೇ ಪಾಲಿಸಿ.

ಮಹಿಳೆಯರ ಸಮಸ್ಯೆ ಬೇರೆ. ಮದುವೆಗೆ, ಪ್ರಯಾಣಕ್ಕೆ, ಪೇಟೆಗೆ ಹೊರಟರೆ ಶುಚಿಯಾದ ಶೌಚಾಲಯ ಸಿಗದೆಂಬ ಭಯದಿಂದ ಬೆಳಗಿನಿಂದ ಸಂಜೆಯವರೆಗೆ ಹನಿ ನೀರೂ ಕುಡಿಯುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯರೂ ತುಂಬಿದ ಬಾಟಲಿಯನ್ನು ಹಾಗೆಯೇ ಮರಳಿ ತರುತ್ತಾರೆ. ಮೂತ್ರದ ಉರಿ, ಸೋಂಕು ಎಂದು ಮತ್ತೆ ಮತ್ತೆ ಚಿಕಿತ್ಸೆಗೆ ಬರುವ ಮಹಿಳೆಯರಿಗೆ ಔಷಧಿಯಷ್ಟೇ ನೀರೂ ಶೌಚಾಲಯವೂ ಮುಖ್ಯ. ಮಗಳು ನೀರು ಕುಡಿಯದಿದ್ದರೆ ಬೈಯುವ ಮೊದಲು ಶಾಲೆಯ ಶೌಚಾಲಯ ಹೇಗಿದೆ ಎಂದು ವಿಚಾರಿಸಿ. ಮದುವೆ ಹಾಲ್, ಮಸೀದಿ, ಮದ್ರಸ ಕಟ್ಟಿಸುವವರು ಮಹಿಳೆಯರ ಶೌಚಾಲಯವನ್ನು ಆರೋಗ್ಯದ ವಿಷಯವೆಂದು ಪರಿಗಣಿಸಬೇಕು.

ಉಪವಾಸ ಮತ್ತು ಹಜ್ಜ್ ಕಾಲದಲ್ಲಿ

ಆರೋಗ್ಯವಂತರಿಗೆ ರಮಝಾನ್ ಉಪವಾಸದಿಂದ ನೀರಿನ ಅಪಾಯವಿಲ್ಲ. ಹಗಲಿನ ಕೊರತೆಯನ್ನು ರಾತ್ರಿ ತುಂಬಿಕೊಳ್ಳಬಹುದು. ಆದರೆ ತುಂಬಿಕೊಳ್ಳುವ ಕ್ರಮ ಸರಿ ಇರಬೇಕು. ಸಹರಿಯ ಕೊನೆಯ ಐದು ನಿಮಿಷದಲ್ಲಿ ಒಂದು ಲೀಟರ್ ಕುಡಿದರೆ ಅದರ ಹೆಚ್ಚಿನ ಭಾಗ ಒಂದೆರಡು ಗಂಟೆಯಲ್ಲಿ ಮೂತ್ರವಾಗಿ ಹೋಗುತ್ತದೆ. ಇಫ್ತಾರ್‌ನಲ್ಲಿ ಖರ್ಜೂರದೊಂದಿಗೆ ಎರಡು ಲೋಟ, ಊಟದ ನಂತರ ಎರಡು, ತರಾವೀಹ್ ನಂತರ ಎರಡು, ಸಹರಿಗೆ ಎರಡು, ಹೀಗೆ ಹಂಚಿಕೊಳ್ಳಿ. ಖರ್ಜೂರದಲ್ಲಿ ಸಕ್ಕರೆಯ ಜೊತೆಗೆ ಪೊಟ್ಯಾಸಿಯಂ ಸಮೃದ್ಧವಾಗಿದೆ. ಗಂಜಿ, ಮಜ್ಜಿಗೆ, ಸೌತೆಕಾಯಿ, ಕಲ್ಲಂಗಡಿ ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಸಹರಿಯಲ್ಲಿ ಉಪ್ಪಿನಕಾಯಿ, ಒಣಮೀನು, ಬಿರಿಯಾನಿ ತಿಂದವರಿಗೆ ಮಧ್ಯಾಹ್ನವೇ ಬಾಯಾರುತ್ತದೆ.

ರೋಗಿಗೆ ಮತ್ತು ಪ್ರಯಾಣಿಕನಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಧರ್ಮದಲ್ಲೇ ಇದೆ. ಗರ್ಭಿಣಿ, ಬಾಣಂತಿಯರಿಗೂ ವಿನಾಯಿತಿ ಇದೆ. ಭೇದಿ ವಾಂತಿ ಶುರುವಾದವರು, ಇನ್ಸುಲಿನ್ ಪಡೆಯುವವರು, ಕಿಡ್ನಿ ರೋಗಿಗಳು ಹಟ ಮಾಡಬಾರದು. ರಮಝಾನ್‌ಗೆ ಒಂದು ತಿಂಗಳ ಮೊದಲೇ ವೈದ್ಯರನ್ನು, ಆಲಿಮರನ್ನು ಕೇಳಿ ತೀರ್ಮಾನಿಸಿ. ಹಿಜಾಮ ಮಾಡಿಸುವವರಿಗೆ ಯುನಾನಿ ವೈದ್ಯನಾಗಿ ನನ್ನ ಸಲಹೆ: ಭೇದಿಯಿದ್ದಾಗ, ಬಿಸಿಲಲ್ಲಿ ದಣಿದು ಬಂದಾಗ, ಉಪವಾಸದ ಹಗಲಿನಲ್ಲಿ ಬೇಡ. ಬತ್ತಿದ ದೇಹದಿಂದ ರಕ್ತ ತೆಗೆಯುವುದು ಇಸ್ತಿಫ್ರಾಗ್ ಮೇಲೆ ಇನ್ನೊಂದು ಇಸ್ತಿಫ್ರಾಗ್.

2024ರ ಹಜ್ಜ್ ವೇಳೆ ಮಕ್ಕಾದಲ್ಲಿ ತಾಪಮಾನ 50 ಡಿಗ್ರಿ ದಾಟಿತು. ಸೌದಿ ಸರಕಾರ ತಿಳಿಸಿದಂತೆ 1,301 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಪರವಾನಿಗೆಯಿಲ್ಲದೆ ಬಂದು, ನೆರಳು ಸೌಲಭ್ಯಗಳಿಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು. ಹಜ್ಜ್‌ಗೆ ಹೊರಡುವವರ ಚೀಲದಲ್ಲಿ ಕೊಡೆ ಮತ್ತು ಹತ್ತಿಪ್ಪತ್ತು ಒಆರ್‌ಎಸ್ ಪೊಟ್ಟಣ ಇರಲಿ.

ಮನೆಯ ಪಾನೀಯಗಳಿಗೂ ಒಂದು ಸ್ಥಾನವಿದೆ

ಯುನಾನಿಯಲ್ಲಿ ‘ಮಾಉಶ್ಶಯೀರ್’ ಎಂಬ ಬಾರ್ಲಿ ನೀರು, ‘ಸಿಕಂಜಬೀನ್’, ಕಾಮಕಸ್ತೂರಿ ಬೀಜದ ಪಾನೀಯ ಇವೆಲ್ಲ ಬೇಸಿಗೆಯ ತಂಪಿಗೆ ಪ್ರಸಿದ್ಧ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ರಾಗಿ ಅಂಬಲಿ, ಎಳನೀರು ನಮ್ಮ ನಾಡಿನ ಕೊಡುಗೆ. ದಿನನಿತ್ಯದ ಬೆವರಿಗೆ, ಮುನ್ನೆಚ್ಚರಿಕೆಗೆ ಇವು ಉತ್ತಮ. ಭೇದಿ ಜೋರಾದಾಗ ಮಾತ್ರ ಮೊದಲ ಸ್ಥಾನ ಒಆರ್‌ಎಸ್‌ಗೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕಿಡ್ನಿ ರೋಗಿಗಳಿಗೆ ಅದು ಅಪಾಯಕಾರಿ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಮಗು ಏನನ್ನೂ ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಂಪರಿನಲ್ಲಿದ್ದರೆ, ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಎರಡು ತಿಂಗಳೊಳಗಿನ ಹಸುಳೆಗೆ ಭೇದಿಯಾದರೆ ಮನೆಮದ್ದು, ಯುನಾನಿ, ಆಯುರ್ವೇದ ಯಾವುದನ್ನೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ರಕ್ತನಾಳಕ್ಕೆ ಡ್ರಿಪ್ ಹಾಕಬೇಕಾಗುತ್ತದೆ. ಬಿಸಿಲಲ್ಲಿ ಕುಸಿದವರ ಮೈ ಸುಡುತ್ತಿದ್ದು ಮಾತು ತಡವರಿಸಿದರೆ ಅದು ಹೀಟ್ ಸ್ಟ್ರೋಕ್. 108ಕ್ಕೆ ಕರೆ ಮಾಡಿ, ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯ ದಾರಿಯಲ್ಲಿಯೂ, ಎಚ್ಚರವಿದ್ದು ನುಂಗಬಲ್ಲ ಮಗುವಿಗೆ ಚಮಚದಲ್ಲಿ ಒಆರ್‌ಎಸ್ ಕೊಡುತ್ತಲೇ ಇರಿ.

ಭೇದಿ ಬಾರದಂತೆ ತಡೆಯುವುದು ಎಲ್ಲಕ್ಕಿಂತ ಮೇಲು. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆ ಮತ್ತು ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು, ಕುಡಿಯುವ ನೀರನ್ನು ಕುದಿಸಿ ಮುಚ್ಚಿಡುವುದು, ಮಗುವಿಗೆ ರೋಟಾವೈರಸ್ ಲಸಿಕೆ ಹಾಕಿಸುವುದು, ಇವು ಮೂರೂ ಪ್ರತಿ ಮನೆಗೂ ಸಾಧ್ಯ. ರೋಟಾವೈರಸ್ ಲಸಿಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಇಂದೇ ಎರಡು ಒಆರ್‌ಎಸ್ ಪೊಟ್ಟಣ ತಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ. ಜೊತೆಗೆ ಒಂದು ಲೀಟರ್ ಅಳತೆಯ ಬಾಟಲಿಯನ್ನೂ ಇಡಿ. ಭೇದಿ ಸಾಮಾನ್ಯವಾಗಿ ಅಂಗಡಿ ಮುಚ್ಚಿದ ಮೇಲೆ, ನಡುರಾತ್ರಿಯಲ್ಲೇ ಶುರುವಾಗುತ್ತದೆ. ಆಗ ಮೊದಲ ಲೋಟ ಕೊಡಬೇಕಾದ ವೈದ್ಯರು ಮನೆಯವರೇ.